ಭುಜದವರೆಗೆ ಬೆಳೆದ ಕೂದಲು ಹೆಣ್ಣಿನ ಮುಖಕ್ಕೆ ಒಪ್ಪುತ್ತಿಲ್ಲ: ತಪ್ಪು ಎಲ್ಲಿದೆ?

ಪ್ರಶ್ನೆ (ಡೊಂಬಿವಲಿಯಿಂದ)

ನಮಸ್ಕಾರ. ಮನೆಯವರು ನನ್ನನ್ನು ಗಂಡುಮಗನೆಂದು ಬೆಳೆಸಿದರು. ಮೂವತ್ತು ತುಂಬಿದ ಮೇಲೆ, ಕಳೆದ ವರ್ಷದಿಂದ, ನಾನು ಹೆಣ್ಣಾಗಿಯೇ ಬದುಕುತ್ತಿದ್ದೇನೆ. ವಿಗ್ ಹಾಕಿ ನೋಡಿದೆ. ಮುಂಬಯಿಯ ಸೆಕೆಯಲ್ಲಿ ಅದನ್ನು ಒಂದು ಗಂಟೆ ತಲೆಯ ಮೇಲೆ ಇಟ್ಟುಕೊಳ್ಳುವುದೂ ಕಷ್ಟ. ಅಲ್ಲದೆ ನನಗೆ ನನ್ನದೇ ಕೂದಲು ಬೇಕು. ಹದಿನೆಂಟು ತಿಂಗಳಿಂದ ಬೆಳೆಸಿದ್ದು ಈಗ ಭುಜ ಮುಟ್ಟುತ್ತಿದೆ. ಆದರೂ ಕನ್ನಡಿಯಲ್ಲಿ ಕಾಣುವುದು ಕ್ಷೌರ ಮಾಡಿಸದೆ ಬಿಟ್ಟ ಗಂಡಸಿನ ತಲೆಯೇ. ನೆತ್ತಿ ಚಪ್ಪಟೆ, ಕಿವಿಯ ಕೆಳಗೆ ಕೊಡೆಯಂತೆ ಅಗಲ, ಹಣೆಯ ಎರಡೂ ಮೂಲೆಗಳಲ್ಲಿ ಕೂದಲು ಹಿಂದೆ ಸರಿದದ್ದು ಎದ್ದು ಕಾಣುತ್ತದೆ. ಇನ್ನೂ ಒಂದು ವರ್ಷ ಬೆಳೆಸಿದರೆ ಸರಿಹೋಗುವುದೇ?

ಉತ್ತರ (ಮಾಟುಂಗದಿಂದ)

ತಂಗಿ, ಇಪ್ಪತ್ತು ವರ್ಷಗಳಿಂದ ಪಾರ್ಲರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಕಾಯಬೇಕೋ ಬೇಡವೋ ಎಂದು ಹೇಳುವ ಮೊದಲು ಕೆಲವು ಸಂಗತಿಗಳು ಗೊತ್ತಾಗಬೇಕು. ಬೈತಲೆ ಎಲ್ಲಿ ತೆಗೆಯುತ್ತೀರಿ? ತಲೆ ತೊಳೆದ ಮೇಲೆ ಹೇಗೆ ಒಣಗಿಸುತ್ತೀರಿ? ಎಣ್ಣೆ ಯಾವಾಗ ಹಚ್ಚುತ್ತೀರಿ? ಕೊನೆಯ ಬಾರಿ ಎಲ್ಲಿ ಕತ್ತರಿಸಿಕೊಂಡಿರಿ?

ಪ್ರಶ್ನೆ ಕೇಳಿದವರು

ಅಕ್ಕ, ಬೈತಲೆ ನಟ್ಟನಡುವೆ. ಟವೆಲ್ಲಿನಿಂದ ತಿಕ್ಕಿ ಫ್ಯಾನಿನ ಕೆಳಗೆ ಕೂರುತ್ತೇನೆ. ಹೊರಡುವ ಮುನ್ನ ಅಂಗೈಯಲ್ಲಿ ನಾಲ್ಕು ಹನಿ ತೆಂಗಿನೆಣ್ಣೆ ಉಜ್ಜಿ ನೆತ್ತಿಯಿಂದ ಕೆಳಗೆ ಸವರುತ್ತೇನೆ. ಕೊನೆಯ ಬಾರಿ ಹೋದದ್ದು ಗಂಡಸರ ಸಲೂನಿಗೆ. ತುದಿ ಮಾತ್ರ ಸಾಕೆಂದು ಎರಡು ಸಲ ಹೇಳಿದರೂ ಕತ್ತಿನ ಹಿಂದೆ ಮೆಷಿನ್ ಓಡಿಸಿಬಿಟ್ಟರು. ಆ ದಿನ ಮನೆಗೆ ಬಂದು ಬಹಳ ಅತ್ತೆ.

ಉತ್ತರ (ಮಾಟುಂಗದಿಂದ)

ಅತ್ತದ್ದು ಸಹಜ, ತಂಗಿ. ಕೂದಲು ತಿಂಗಳಿಗೆ ಸರಾಸರಿ ಒಂದರಿಂದ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ; ಒಂದು ನಿಮಿಷದಲ್ಲಿ ಹೋದದ್ದು ಮರಳಲು ತಿಂಗಳುಗಳೇ ಬೇಕು. ಆದರೆ ನಿಮಗಿರುವ ಕೊರತೆ ಉದ್ದದ್ದಲ್ಲ. ಕಿವಿಯವರೆಗಷ್ಟೇ ಕೂದಲಿರುವ ಎಷ್ಟೋ ಹೆಂಗಸರನ್ನು ನೀವು ದಿನವೂ ಲೋಕಲ್ ರೈಲಿನಲ್ಲಿ ನೋಡುತ್ತೀರಿ. ಮುಖ ಮೃದುವಾಗಿ ಕಾಣುವುದು ಕೂದಲಿನ ತುಂಬುತನ ಎಲ್ಲಿ ನಿಲ್ಲುತ್ತದೆ, ಅಂಚಿನ ಗೆರೆ ಎಲ್ಲಿ ಮುಗಿಯುತ್ತದೆ ಎಂಬುದರಿಂದ. ನಿಮ್ಮಲ್ಲಿ ತುಂಬುತನ ನೆತ್ತಿಯಲ್ಲಿರದೆ ದವಡೆಯ ಪಕ್ಕಕ್ಕೆ ಇಳಿದಿದೆ. ಹೀಗಿರುವಾಗ ಇನ್ನೂ ಒಂದು ವರ್ಷ ಬೆಳೆಸಿದರೆ ಅದೇ ಕೊಡೆ ಇನ್ನಷ್ಟು ಕೆಳಗೆ ಇಳಿಯುತ್ತದೆ, ಅಷ್ಟೇ.

ಮೊದಲು ಕತ್ತರಿ. ಉದ್ದ ಕಡಿಮೆ ಮಾಡುವುದು ಬೇಡ. ಕೆನ್ನೆಯ ಮೂಳೆಯ ಮಟ್ಟದಿಂದ ಆರಂಭವಾಗುವ ಉದ್ದನೆಯ ಲೇಯರ್ (ಹಂತಹಂತವಾಗಿ ಉದ್ದವಾಗುವ ಕಟ್) ಕೇಳಿ, ತುದಿ ಕೊರಳಿನ ಕೆಳಗೆ ಮುಂದಿರುವ ಮೂಳೆಯ ಕಡೆಗೆ ಬೆಳೆಯಲು ಬಿಡಿ. ದವಡೆಯ ಮಟ್ಟದಲ್ಲಿ ಯಾವ ಗೆರೆಯೂ ನಿಲ್ಲಬಾರದು, ಏಕೆಂದರೆ ಕೂದಲು ಎಲ್ಲಿ ಮುಗಿಯುತ್ತದೋ ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಕಿವಿಯ ಮುಂದಿನ ಕೂದಲನ್ನು ಗಂಡಸರಿಗೆ ಮಾಡುವಂತೆ ಚೌಕವಾಗಿ ಕತ್ತರಿಸದೆ ಎಳೆಎಳೆಯಾಗಿ ಇಳಿಬಿಡಲು ಹೇಳಿ. ಇದು ಸಣ್ಣ ವಿಷಯವೆನಿಸಿದರೂ ಪಕ್ಕದಿಂದ ನೋಡುವಾಗ ಇಡೀ ಮುಖವನ್ನೇ ಬದಲಿಸುತ್ತದೆ. ಅನೇಕ ಪಾರ್ಲರುಗಳ ಬಾಗಿಲಲ್ಲಿ ಮಹಿಳೆಯರಿಗೆ ಮಾತ್ರ ಎಂಬ ಬೋರ್ಡು ಇರುತ್ತದೆ. ನೀವು ಮಹಿಳೆಯೇ, ಆದರೂ ಬಾಗಿಲಲ್ಲಿ ನಿಂತು ಮನಸ್ಸು ನೋಯಿಸಿಕೊಳ್ಳುವುದು ಬೇಡವೆಂದು ಹೇಳುತ್ತೇನೆ, ಮೊದಲೇ ಫೋನ್ ಮಾಡಿ ವಿಷಯ ತಿಳಿಸಿ, ವಾರದ ಮಧ್ಯಾಹ್ನ ಜನ ಕಡಿಮೆಯಿರುವಾಗ ಹೋಗಿ, ಬೇಕಾದ ಆಕಾರದ ಎರಡು ಫೋಟೋ ಕೈಯಲ್ಲಿರಲಿ.

ಎರಡನೆಯದು ಬೈತಲೆ. ನಡುಬೈತಲೆ ಹಣೆಯ ಎರಡೂ ಮೂಲೆಗಳನ್ನು ತೆರೆದು ತೋರಿಸುತ್ತದೆ. ಹುಬ್ಬು ಬಾಗುವ ಜಾಗದ ನೇರಕ್ಕೆ ಓರೆಬೈತಲೆ ತೆಗೆದರೆ ಹೆಚ್ಚು ಕೂದಲಿರುವ ಬದಿ ತಾನಾಗಿಯೇ ಒಂದು ಮೂಲೆಯನ್ನು ಮುಚ್ಚುತ್ತದೆ. ಇನ್ನೊಂದು ಮೂಲೆಗೆ ಕೆನ್ನೆಯವರೆಗೆ ಇಳಿಯುವ ನಾಲ್ಕು ಎಳೆ ಮುಂಗುರುಳು ಸಾಕು. ಬೇರುಗಳು ಹಳೆಯ ದಿಕ್ಕಿಗೆ ಒಗ್ಗಿರುವುದರಿಂದ ಮೊದಲ ಒಂದೆರಡು ವಾರ ಹಟ ಮಾಡುತ್ತವೆ.

ಇನ್ನು ಒಣಗಿಸುವುದು, ನಿಮ್ಮ ಮುಖ್ಯ ತಪ್ಪು ಇರುವುದೇ ಇಲ್ಲಿ. ನೀರು ತಾಗಿದಾಗ ಕೂದಲಿನೊಳಗಿನ ಹೈಡ್ರೋಜನ್ ಬಂಧಗಳು ಬಿಟ್ಟುಕೊಳ್ಳುತ್ತವೆ, ಒಣಗುವಾಗ ಯಾವ ಆಕಾರದಲ್ಲಿರುತ್ತದೋ ಆ ಆಕಾರದಲ್ಲಿ ಮತ್ತೆ ಕೂಡುತ್ತವೆ. ಫ್ಯಾನಿನ ಕೆಳಗೆ ನೆತ್ತಿಗೆ ಅಂಟಿಕೊಂಡು ಒಣಗಿದ ಕೂದಲು ದಿನವಿಡೀ ಹಾಗೆಯೇ ಇರುತ್ತದೆ. ಟವೆಲ್ಲಿನಿಂದ ತಿಕ್ಕದೆ ಹಳೆಯ ಹತ್ತಿಯ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ಮುಕ್ಕಾಲು ಪಾಲು ಆರಿದ ಮೇಲೆ ತಲೆ ಬಗ್ಗಿಸಿ, ಡ್ರೈಯರನ್ನು ಒಂದು ಗೇಣು ದೂರ ಹಿಡಿದು, ಬೈತಲೆಗೆ ವಿರುದ್ಧ ದಿಕ್ಕಿನಲ್ಲಿ ಬೇರುಗಳನ್ನು ಬೆರಳಿನಿಂದ ಎತ್ತುತ್ತಾ ಒಣಗಿಸಿ. ಕೊನೆಗೆ ತಣ್ಣನೆಯ ಗಾಳಿ ಬಿಟ್ಟು, ಪೂರ್ತಿ ಆರಿದ ನಂತರವೇ ಕೂದಲನ್ನು ಅದರ ಬದಿಗೆ ಹೊರಳಿಸಿ. ನೆತ್ತಿ ಎರಡು ಬೆರಳಿನಷ್ಟು ಎದ್ದು ನಿಲ್ಲುತ್ತದೆ.

ತೆಂಗಿನೆಣ್ಣೆ ಕೂದಲಿಗೆ ನಿಜಕ್ಕೂ ಒಳ್ಳೆಯದು, ಆದರೆ ತೊಳೆಯುವ ಹಿಂದಿನ ರಾತ್ರಿ. ಬೆಳಿಗ್ಗೆ ನೆತ್ತಿಗೆ ಹಚ್ಚಿದರೆ ಎತ್ತಿದ್ದೆಲ್ಲ ಕುಸಿಯುತ್ತದೆ. ಊರಿನಲ್ಲಿ ಮಾಡುವ ದಾಸವಾಳದ ಸೊಪ್ಪಿನ ಗೊಂಪು (ತಲೆ ತೊಳೆಯುವ ಲೋಳೆ) ನಿಮಗೆ ರೂಢಿಯಿದ್ದರೆ ಬಿಡಬೇಡಿ. ಕಂಡೀಷನರನ್ನು ಮಾತ್ರ ಕಿವಿಯಿಂದ ಕೆಳಗಷ್ಟೇ ಹಚ್ಚಿ.

ಉತ್ತರ (ಪುಣೆಯಿಂದ)

ಒಂದು ಮಾತು ಸೇರಿಸುತ್ತೇನೆ. ಹಣೆಯ ಮೂಲೆಗಳು ಈಗಲೂ ಹಿಂದೆ ಸರಿಯುತ್ತಿದ್ದರೆ ಬಾಚಣಿಗೆಯಿಂದ ಮುಚ್ಚುವುದರ ಜೊತೆಗೆ ಚರ್ಮವೈದ್ಯರನ್ನು ಕಾಣಬೇಕು. ಕೂದಲು ಬೆಳೆಯಲೆಂದು ತಲೆಗೆ ಹಚ್ಚುವ ಔಷಧಿ ಮಿನಾಕ್ಸಿಡಿಲ್ ಹಚ್ಚಿದವರಿಗೆ ಆರಂಭದ ವಾರಗಳಲ್ಲಿ ಉದುರುವಿಕೆ ಹೆಚ್ಚಿದಂತೆ ಕಾಣಬಹುದು, ಫಲ ಕಾಣಲು ತಿಂಗಳುಗಳು ಬೇಕು, ಬಿಟ್ಟರೆ ಲಾಭವೂ ಹೋಗುತ್ತದೆ. ಹಾರ್ಮೋನಿಗೆ ಸಂಬಂಧಿಸಿದ ಮಾತ್ರೆಗಳನ್ನಂತೂ ವೈದ್ಯರ ಚೀಟಿಯಿಲ್ಲದೆ ದಯವಿಟ್ಟು ನುಂಗಬೇಡಿ. ಬಿಗಿಯಾಗಿ ಎಳೆದು ಕಟ್ಟುವ ಪೋನಿಟೇಲ್ ಕೂಡ ಅದೇ ಮೂಲೆಗಳ ಬೇರನ್ನು ಕೀಳುತ್ತದೆ.

ಪ್ರಶ್ನೆ ಕೇಳಿದವರು (ಮೂರು ವಾರಗಳ ನಂತರ)

ಅಕ್ಕ, ನೀವು ಹೇಳಿದಂತೆಯೇ ಫೋನ್ ಮಾಡಿ ಹೋದೆ. ಕತ್ತರಿಸಿದ ಹುಡುಗಿ ನನ್ನನ್ನು ಮೊದಲಿನಿಂದ ಕೊನೆಯವರೆಗೆ ದೀದಿ ಎಂದೇ ಕರೆದಳು. ಬೈತಲೆ ಹತ್ತನೆಯ ದಿನದಿಂದ ಮಾತು ಕೇಳತೊಡಗಿದೆ. ಉಳಿದಿರುವ ತೊಂದರೆ ಒಂದೇ: ಮನೆಯಲ್ಲಿ ಎದ್ದು ನಿಂತ ನೆತ್ತಿ, ಮುಂಬಯಿಯ ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಮಳೆಗಾಲದ ತೇವಕ್ಕೆ ಮಲಗಿಬಿಡುತ್ತದೆ.

ಉತ್ತರ (ಮಾಟುಂಗದಿಂದ)

ಕೂದಲು ಗಾಳಿಯ ತೇವವನ್ನು ಹೀರಿದಾಗಲೂ ಅದೇ ಬಂಧಗಳು ಸಡಿಲವಾಗುತ್ತವೆ, ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ ಗೆಲ್ಲಲಾಗದು. ರೈಲು ಹತ್ತುವ ಮುನ್ನ ಎಲ್ಲ ಕೂದಲನ್ನೂ ನೆತ್ತಿಯ ಮೇಲಕ್ಕೆ ತಂದು, ಬಟ್ಟೆಯ ರಬ್ಬರಿನಿಂದ ಒಂದೇ ಸುತ್ತು, ಸಡಿಲವಾದ ತುರುಬು ಕಟ್ಟಿ. ಆಫೀಸಿನಲ್ಲಿ ಬಿಚ್ಚಿ ಬೇರುಗಳನ್ನು ಬೆರಳಿನಿಂದ ಅಲುಗಿಸಿ, ಬಾಚಣಿಗೆ ಬೇಡ. ಜೋರು ಮಳೆಯ ದಿನ ಬಿಡುಗೂದಲಿನ ಆಸೆ ಬಿಟ್ಟು ಕತ್ತಿನ ಮಟ್ಟದಲ್ಲಿ ತಗ್ಗಿನ ತುರುಬು ಕಟ್ಟಿ, ಕೆನ್ನೆಗೆ ಎರಡು ಎಳೆ ಇಳಿಬಿಡಿ.

ಪ್ರಶ್ನೆ ಕೇಳಿದವರು

ಇಂದು ಬೆಳಿಗ್ಗೆ ಜೋರು ಮಳೆ. ತಗ್ಗಿನ ತುರುಬನ್ನೇ ಕಟ್ಟಿದೆ. ಸಂಜೆ ಮಾಟುಂಗದಲ್ಲಿ ಇಳಿದು, ಸ್ಟೇಷನ್ನಿನ ಹೊರಗೆ ಹೂ ಮಾರುವವಳಲ್ಲಿ ಒಂದು ಮೊಳ ಮಲ್ಲಿಗೆ ಕೇಳಿದಾಗ ಆಕೆ ನನ್ನನ್ನು ತಿರುಗಿ ನಿಲ್ಲಲು ಹೇಳಿ, ತಾನೇ ಪಿನ್ನು ಚುಚ್ಚಿ ಮುಡಿಸಿದಳು. ಅದು ಡೊಂಬಿವಲಿಯವರೆಗೂ ಜಾರಲಿಲ್ಲ.