6174ಕ್ಕೆ ಬರಬೇಕಾದ ಲಾರಿ ನಂಬರ್ ಸೊನ್ನೆಗೆ ಹೋಯಿತು, ಯಾಕೆ?

ಪ್ರಶ್ನೆ: ತೂಕದಮನೆ, ತಿಪಟೂರು

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನ ಹತ್ತಿರ ಒಂದು ವೇ ಬ್ರಿಡ್ಜ್‌ನಲ್ಲಿ ಕೆಲಸ ಮಾಡುತ್ತೇನೆ. ಕೊಬ್ಬರಿ ಲೋಡು, ಇಟ್ಟಿಗೆ, ಎಂ ಸ್ಯಾಂಡ್, ಎಲ್ಲಾ ಬರುತ್ತದೆ. ಲಾರಿ ಹತ್ತುತ್ತದೆ, ನಂಬರ್ ಒತ್ತುತ್ತೇನೆ, ತೂಕ ಬರುತ್ತದೆ, ಚೀಟಿ ಹರಿದು ಕೊಡುತ್ತೇನೆ. ಬೆಳಿಗ್ಗೆಯಿಂದ ರಾತ್ರಿವರೆಗೂ ಕಣ್ಣ ಮುಂದೆ ನಾಲ್ಕು ಅಂಕಿಯ ನಂಬರುಗಳೇ.

ಹೋದ ವಾರ ಎಂಟನೇ ಕ್ಲಾಸಿನ ಮಗಳು ಶಾಲೆಯಿಂದ ಒಂದು ಲೆಕ್ಕ ತಂದಳು. ನಾಲ್ಕು ಅಂಕಿಯ ಯಾವುದೇ ಸಂಖ್ಯೆ ತಗೋ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸು. ಅವನ್ನೇ ತಿರುಗಿಸಿ ಚಿಕ್ಕದರಿಂದ ದೊಡ್ಡದಕ್ಕೆ ಬರೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆ. ಬಂದ ಉತ್ತರಕ್ಕೂ ಹಾಗೇ ಮಾಡು. ಕೊನೆಗೆ 6174 ಬಂದು ನಿಲ್ಲುತ್ತದೆ ಅಂದಳು. ನಾನು ನಂಬಲಿಲ್ಲ. ಆಗ ತಾನೇ ತೂಕಕ್ಕೆ ನಿಂತಿದ್ದ ಲಾರಿಯ ನಂಬರ್ 4829. ಹಾಳಾದ ಚೀಟಿಯ ಹಿಂದೆ ಮಾಡಿ ನೋಡಿದೆ.

9842 − 2489 = 7353
7533 − 3357 = 4176
7641 − 1467 = 6174

ಮತ್ತೆ ಮಾಡಿದರೂ 7641 − 1467, ಅದೇ 6174. ಅವತ್ತಿನಿಂದ ಕೈ ಖಾಲಿ ಇದ್ದಾಗಲೆಲ್ಲ ಇದೇ ಕೆಲಸ. ಇದುವರೆಗೆ ಇನ್ನೂರಕ್ಕೂ ಜಾಸ್ತಿ ಲಾರಿ ಆಗಿರಬೇಕು. ಕೆಲವು ಒಂದೇ ಏಟಿಗೆ ಬರುತ್ತವೆ. 5200 ನಂಬರಿನ ಒಂದು ನೀರಿನ ಟ್ಯಾಂಕರ್‌ಗೆ ಏಳು ಸಲ ಕಳೆಯಬೇಕಾಯಿತು: 5175, 5994, 5355, 1998, 8082, 8532, ಆಮೇಲೆ 6174. ಏಳಕ್ಕಿಂತ ಜಾಸ್ತಿ ಯಾವುದೂ ತಗೊಂಡಿಲ್ಲ.

ಆದರೆ ನಿನ್ನೆ 1121 ಬಂತು. 2111 − 1112 = 999. ಮುಂದೆ 999 − 999 = 0. ಕೆಟ್ಟಿತು. ಮೂರು ಸಲ ಮಾಡಿದೆ, ಮೂರು ಸಲವೂ ಸೊನ್ನೆ. ಎಲ್ಲಿ ತಪ್ಪಿದೆ? ಇನ್ನೊಂದು ದೊಡ್ಡ ಪ್ರಶ್ನೆ. ಇದು ಯಾಕೆ 6174ಕ್ಕೇ ಬರಬೇಕು? "ಅದು ಹಾಗೇ" ಅನ್ನುವ ಉತ್ತರ ಬೇಡ. ಇಷ್ಟು ಲಾರಿ ನೋಡಿದ ಮೇಲೆ ಕಾರಣ ತಿಳಿಯದೆ ಇರಲು ಆಗುತ್ತಿಲ್ಲ.

ಉತ್ತರ: ಹಳೇ ಮೇಷ್ಟ್ರು

ತಪ್ಪು ಸಣ್ಣದು. 999 ಅಂತ ಬರೆದಿರಿ, 0999 ಅಂತ ಬರೆಯಬೇಕಿತ್ತು. ಈ ಆಟದಲ್ಲಿ ಯಾವಾಗಲೂ ನಾಲ್ಕು ಮನೆ ಇರಬೇಕು. ಮುಂದಿನ ಸೊನ್ನೆಯನ್ನು ಬಿಡುವ ಹಾಗಿಲ್ಲ. ನಿಮ್ಮ ಕಣ್ಣ ಮುಂದೆಯೇ ಇದೆಯಲ್ಲ, ನಂಬರ್ ಪ್ಲೇಟಿನಲ್ಲಿ 45 ಅನ್ನು 0045 ಅಂತಲೇ ಬರೆಸುತ್ತಾರೆ. ಹಾಗೆ.

9990 − 0999 = 8991. ಮುಂದೆ ನೀವೇ ಮಾಡಿ ನೋಡಿ.

ನಿಜವಾಗಿ ಸೊನ್ನೆಗೆ ಬೀಳುವುದು ನಾಲ್ಕೂ ಅಂಕಿ ಒಂದೇ ಆಗಿರುವ ಸಂಖ್ಯೆ ಮಾತ್ರ. 1111, 2222, ಹೀಗೆ. ದುಡ್ಡು ಕೊಟ್ಟು ಹರಾಜಿನಲ್ಲಿ ತಗೊಳ್ಳುವ ಫ್ಯಾನ್ಸಿ ನಂಬರುಗಳು. 0000ಯಿಂದ 9999ರವರೆಗಿನ ಹತ್ತು ಸಾವಿರದಲ್ಲಿ ಅಂಥವು ಹತ್ತೇ. ಉಳಿದ 9990 ಸಂಖ್ಯೆಗಳೂ 6174ಕ್ಕೆ ಬರುತ್ತವೆ, ಏಳು ಸಲದೊಳಗೆ. ನಿಮ್ಮ ಟ್ಯಾಂಕರ್ ತಗೊಂಡದ್ದು ಗರಿಷ್ಠ.

ತೂಕದಮನೆ

ಮೇಷ್ಟ್ರೇ, ಬಂತು! 8991, 8082, 8532, 6174. ತುಂಬಾ ಥ್ಯಾಂಕ್ಸ್. 0045 ಕೂಡ ಮಾಡಿದೆ, ಐದು ಸಲಕ್ಕೆ ಬಂತು. ಆದರೆ ಯಾಕೆ ಅನ್ನುವುದು ಇನ್ನೂ ಬಾಕಿ ಇದೆ.

ಉತ್ತರ: ಹಳೇ ಮೇಷ್ಟ್ರು

ಮೊದಲು ಮೂರು ಅಂಕಿಯಲ್ಲಿ ನೋಡಿ. ಅಲ್ಲಿ ಕಾರಣ ಬರಿಗಣ್ಣಿಗೇ ಕಾಣುತ್ತದೆ. ಮೂರು ಅಂಕಿಯ ಸಂಖ್ಯೆಗಳು 495ಕ್ಕೆ ಬಂದು ನಿಲ್ಲುತ್ತವೆ. ನಾನು ಕ್ಲಾಸಿನಲ್ಲಿ ಯಾವಾಗಲೂ ಇಲ್ಲಿಂದಲೇ ಶುರು ಮಾಡುತ್ತಿದ್ದೆ.

310 ತಗೊಳ್ಳಿ. 310 − 013. ಬಿಡಿ ಸ್ಥಾನದಲ್ಲಿ 0ಯಲ್ಲಿ 3 ಹೋಗುವುದಿಲ್ಲ, ಪಕ್ಕದಿಂದ ಹತ್ತು ಸಾಲ ತರಬೇಕು. ಯಾವ ಸಂಖ್ಯೆಯಾದರೂ ಇದೇ ಕಥೆ, ಯಾಕೆಂದರೆ ಬಿಡಿ ಸ್ಥಾನದಲ್ಲಿ ಯಾವಾಗಲೂ ಚಿಕ್ಕ ಅಂಕಿಯಲ್ಲಿ ದೊಡ್ಡ ಅಂಕಿ ಕಳೆಯುತ್ತಿದ್ದೇವೆ. ಈಗ ನಡುವಿನ ಮನೆ ನೋಡಿ. ಅಲ್ಲಿ ಮೇಲೂ ಕೆಳಗೂ ಒಂದೇ ಅಂಕಿ. ಆದರೆ ಮೇಲಿನದು ಒಂದನ್ನು ಸಾಲ ಕೊಟ್ಟಾಗಿದೆ. ಹಾಗಾಗಿ ಅದೂ ನೂರರ ಮನೆಯಿಂದ ಸಾಲ ತರುತ್ತದೆ, ಉತ್ತರ 9 ಆಗುತ್ತದೆ. ಯಾವಾಗಲೂ 9. ಇಲ್ಲಿ 297 ಬಂತು.

ಉತ್ತರದ ನಡುವೆ 9 ಇದ್ದೇ ಇರುತ್ತದೆ. ಎರಡು ತುದಿಯ ಅಂಕಿ ಕೂಡಿದರೂ 9. ಅಂದರೆ ತುದಿಯ ಜೋಡಿಗಳು ಐದೇ: 0-9, 1-8, 2-7, 3-6, 4-5. ಮುಂದಿನ ಸಲ 9 ಮುಂದೆ ಬರುತ್ತದೆ, ಜೋಡಿಯ ಚಿಕ್ಕದು ಕೊನೆಗೆ ಹೋಗುತ್ತದೆ. 972 − 279 = 693. ಜೋಡಿ 2-7 ಇದ್ದದ್ದು 3-6 ಆಯಿತು. ಮುಂದೆ 963 − 369 = 594, ಅಂದರೆ 4-5. ಪ್ರತಿ ಸಲ ಒಂದೊಂದು ಮೆಟ್ಟಿಲು. 4-5ರಲ್ಲಿ 954 − 459 = 495, ಮತ್ತೆ 4-5. ಇನ್ನು ಇಳಿಯಲು ಮೆಟ್ಟಿಲಿಲ್ಲ. ನಿಂತಿತು. 100ರಿಂದ ಹೊರಟರೆ ಮೊದಲು 099 ಬಂದು ಎಲ್ಲಾ ಮೆಟ್ಟಿಲೂ ಸಿಗುತ್ತವೆ. ಮಗಳ ಕೈಯಲ್ಲಿ ಅದನ್ನು ಮಾಡಿಸಿ.

ನಾಲ್ಕು ಅಂಕಿಗೆ ಇಷ್ಟು ನೇರವಾದ ಮೆಟ್ಟಿಲಿಲ್ಲ, ಆದರೆ ಗುಟ್ಟು ಅಲ್ಲೂ ಒಂದು ಇದೆ. ಅಂಕಿಗಳನ್ನು ಇಳಿಸಿ ಬರೆದಾಗ ಹೊರಗಿನ ಎರಡು ಅಂಕಿಯ ವ್ಯತ್ಯಾಸ ಒಂದು, ಒಳಗಿನ ಎರಡರ ವ್ಯತ್ಯಾಸ ಇನ್ನೊಂದು. ಇವೆರಡೇ ಸಾಕು. ಉತ್ತರ ಯಾವಾಗಲೂ, ಹೊರಗಿನ ವ್ಯತ್ಯಾಸ × 999, ಅದಕ್ಕೆ ಒಳಗಿನ ವ್ಯತ್ಯಾಸ × 90 ಕೂಡಿದಷ್ಟು. ನಿಮ್ಮ ಟ್ಯಾಂಕರ್ 5200ರಲ್ಲಿ ಹೊರಗೆ 5 − 0 = 5, ಒಳಗೆ 2 − 0 = 2. 4995 + 180 = 5175. ಸರಿಯಾ? 8533ಕ್ಕೂ ಹೊರಗೆ 5, ಒಳಗೆ 2. ಅದರ ಉತ್ತರವೂ 5175ವೇ. ಇನ್ನು ಮುಂದೆ ಆ ಎರಡು ಲಾರಿಗಳ ದಾರಿ ಒಂದೇ.

ಹೊರಗಿನ ವ್ಯತ್ಯಾಸ 1ರಿಂದ 9. ಒಳಗಿನದು ಅದಕ್ಕಿಂತ ಜಾಸ್ತಿ ಆಗಲಾರದು, ಸೊನ್ನೆಯೂ ಆಗಬಹುದು. ಎಣಿಸಿದರೆ 2 + 3 + ... + 10, ಒಟ್ಟು 54. ಅಂದರೆ 9990 ಸಂಖ್ಯೆಗಳು ಮೊದಲ ಕಳೆಯುವಿಕೆಯಲ್ಲೇ 54 ಉತ್ತರಗಳಿಗೆ ಇಳಿದುಬಿಡುತ್ತವೆ. ಆ 54ನ್ನು ಮಾತ್ರ ಪರೀಕ್ಷೆ ಮಾಡಿದರೆ ಎಲ್ಲಾ ಸಂಖ್ಯೆಗಳನ್ನೂ ಪರೀಕ್ಷೆ ಮಾಡಿದ ಹಾಗೆ. ಅದಕ್ಕೆ ಕಂಪ್ಯೂಟರ್ ಬೇಡ, ಎರಡು ಹಾಳೆ ಸಾಕು. ಕೂತು ಬರೆಯಿರಿ. ನಾನು ಬರೆದು ಕೊಟ್ಟರೆ ನಿಮಗೆ ಸಿಗುವ ಖುಷಿ ಹೋಗುತ್ತದೆ.

ಕಳೆಯುವಾಗ ಒಂದು ಎಚ್ಚರಿಕೆ. 999 ಮತ್ತು 90 ಎರಡೂ 9ರಿಂದ ಭಾಗವಾಗುತ್ತವೆ. ಆದ್ದರಿಂದ ಪ್ರತಿ ಉತ್ತರದ ಅಂಕಿಗಳ ಮೊತ್ತವೂ 9ರ ಮಗ್ಗಿಯಲ್ಲೇ ಬರಬೇಕು. ಬರದಿದ್ದರೆ ಸಾಲ ತರುವುದನ್ನು ಎಲ್ಲೋ ಮರೆತಿದ್ದೀರಿ.

ಉತ್ತರ: ಗೋದಾತೀರ

ನಾನು ನಾಸಿಕ್‌ನಲ್ಲಿರುವ ಕನ್ನಡತಿ. ಈ ಲೆಕ್ಕ ಕಂಡುಹಿಡಿದವರು ಇಲ್ಲೇ ಪಕ್ಕದ ದೇವಳಾಲಿಯ ಶಾಲಾ ಮಾಸ್ತರು, ಡಿ.ಆರ್. ಕಾಪ್ರೇಕರ್. ಹುಟ್ಟಿದ್ದು 1905ರಲ್ಲಿ, ಡಹಾಣೂನಲ್ಲಿ. ಓದಿದ್ದು ಬಿ.ಎಸ್ಸಿ. 1930ರಿಂದ 1962ರವರೆಗೆ ದೇವಳಾಲಿಯಲ್ಲೇ ಪಾಠ ಮಾಡಿದರು. ಯೂನಿವರ್ಸಿಟಿಯ ಹುದ್ದೆ ಇರಲಿಲ್ಲ. ಎಷ್ಟೋ ಜನ ಗಣಿತಜ್ಞರು ಅವರ ಕೆಲಸವನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದ ಮೇಲೆ ಹೊರದೇಶದಲ್ಲಿ ಹೆಸರಾಯಿತು. 1986ರಲ್ಲಿ ತೀರಿಕೊಂಡರು.

ಅವರ ಹೆಸರಿನ ಇನ್ನೊಂದು ಬಗೆಯ ಸಂಖ್ಯೆಗಳೂ ಇವೆ. 45ರ ವರ್ಗ 2025. ಅದನ್ನು ನಡುವೆ ಮುರಿದು ಕೂಡಿ: 20 + 25 = 45. 297ರ ವರ್ಗ 88209, 88 + 209 = 297. 703ಕ್ಕೂ ಹೀಗೇ ಆಗುತ್ತದೆ. ಮುಂಬೈ ಹತ್ತಿರದ ಡೊಂಬಿವ್ಲಿ ಸ್ಟೇಷನ್ನಿಗೆ ಹಿಂದೆ ಡೆಮ್ಲೋ ಅಂತ ಹೆಸರಿತ್ತಂತೆ. ಒಂದು ಬಗೆಯ ಸಂಖ್ಯೆಗಳ ಯೋಚನೆ ಅಲ್ಲಿ ಹೊಳೆಯಿತು ಅಂತ ಅವಕ್ಕೆ ಡೆಮ್ಲೋ ಸಂಖ್ಯೆ ಅಂತಲೇ ಹೆಸರಿಟ್ಟರು. ಅಣ್ಣಾ, ನೀವು ಲಾರಿ ನಂಬರಿನಲ್ಲಿ ಮಾಡುತ್ತಿರುವುದನ್ನು ನೋಡಿದ್ದರೆ ಅವರಿಗೆ ತುಂಬಾ ಇಷ್ಟವಾಗುತ್ತಿತ್ತು ಅನ್ನಿಸುತ್ತದೆ.

ಉತ್ತರ: ಎಂಎಸ್ಸಿ ಹುಡುಗ

ಬೇಜಾರು ಮಾಡಿಕೊಳ್ಳಬೇಡಿ. ಇದು ಹತ್ತರ ಎಣಿಕೆಯ ಮೇಲೆ ನಿಂತಿರುವ ವಿಷಯ, ಸಂಖ್ಯೆಯ ಆಳದ ಗುಣ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ರಾಮಾನುಜನ್ ಅವರನ್ನು ಕೇಂಬ್ರಿಡ್ಜ್‌ಗೆ ಕರೆಸಿಕೊಂಡ ಹಾರ್ಡಿ 1940ರಲ್ಲಿ ಇಂಥದ್ದೇ ಒಂದು ಉದಾಹರಣೆ ಕೊಟ್ಟಿದ್ದರು. 8712 = 4 × 2178, 9801 = 9 × 1089. ತಿರುಗಿಸಿ ಬರೆದರೆ ಬರುವ ಸಂಖ್ಯೆಯ ಮಗ್ಗಿಯಲ್ಲಿ ಬರುವ ನಾಲ್ಕಂಕಿಯ ಸಂಖ್ಯೆ ಇವೆರಡೇ. ಪತ್ರಿಕೆಯ ಪದಬಂಧದ ಅಂಕಣಕ್ಕೆ ಸರಿ, ಗಣಿತಜ್ಞನಿಗೆ ಇದರಲ್ಲಿ ಏನೂ ಇಲ್ಲ ಅನ್ನುವ ಅರ್ಥದಲ್ಲಿ ಅವರು ಬರೆದರು. ಐದು ಅಂಕಿಗೆ ಹೋದರೆ ಒಂದೇ ನೆಲೆಯೂ ಸಿಗುವುದಿಲ್ಲ. ಪೈಥಾನ್‌ನಲ್ಲಿ ಓಡಿಸಿದೆ, ಮೂರು ಸುತ್ತುಗಳು ಬಂದವು. ಚಿಕ್ಕದು 53955, 59994 ಇವೆರಡರದ್ದು. ಒಂದರಿಂದ ಇನ್ನೊಂದಕ್ಕೆ ಹೋಗಿ ಬರುತ್ತಾ ಇರುತ್ತವೆ.

ಉತ್ತರ: ಹಳೇ ಮೇಷ್ಟ್ರು

ಮಗು, ಹತ್ತರ ಎಣಿಕೆ ಬಿಟ್ಟು ಎಂಟರ ಎಣಿಕೆಗೆ ಬಾ. ಅಲ್ಲಿ ಅಂಕಿಗಳು 0ಯಿಂದ 7ರವರೆಗೆ ಮಾತ್ರ, ಪಕ್ಕದಿಂದ ಸಾಲ ತಂದರೆ ಸಿಗುವುದು ಹತ್ತಲ್ಲ, ಎಂಟು. ಅಲ್ಲಿ ಮೂರು ಅಂಕಿ ತಗೊಂಡು ಅದೇ ಸಾಲದ ಕಥೆ ಹೇಳು. ನಡುವೆ 9ರ ಬದಲು ಯಾವಾಗಲೂ 7. ತುದಿಗಳ ಮೊತ್ತವೂ 7. ಮೆಟ್ಟಿಲು ಇಳಿದು 3-4ರಲ್ಲಿ ನಿಲ್ಲುತ್ತದೆ: 743 − 347 = 374. 495 ಹೋಯಿತು, 374 ಬಂತು. ಕಾರಣ ಮಾತ್ರ ಅಲ್ಲಾಡಲಿಲ್ಲ. ಹಾರ್ಡಿಯವರ ಮೇಲೆ ನನಗೆ ಗೌರವ ಜಾಸ್ತಿಯೇ ಇದೆ. ಆದರೆ ಕಾರಣ ಸಿಕ್ಕಿದ ಜಾಗದಲ್ಲಿ ಗಣಿತ ಇದೆ ಅಂತಲೇ ನಾನು ಮೂವತ್ತು ವರ್ಷ ಪಾಠ ಮಾಡಿದ್ದು.

ಐದು ಅಂಕಿಯ ಸುತ್ತುಗಳು ಚೆನ್ನಾಗಿವೆ. ಅಲ್ಲಿ ಎಷ್ಟು ಜೋಡಿ ವ್ಯತ್ಯಾಸ ಬೇಕು ಅಂತ ಯೋಚಿಸಿ ಬರಿ.

ಉತ್ತರ: ಕಾಗಿಣಾ

ನಮ್ಮ ಸೇಡಂ ತಾಲೂಕಿನ ಮಳಖೇಡವೇ ಹಿಂದಿನ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ಅದರಲ್ಲಿ ಕೊರಳ ಸರದ ಹಾಗೆ ಎರಡು ಕಡೆಯಿಂದಲೂ ಒಂದೇ ಥರ ಕಾಣುವ ಗುಣಾಕಾರಗಳಿವೆ. 139 × 109 = 15151. 152207 × 73 = 11111111. 27994681 × 441 = 12345654321. ಮೊಬೈಲ್ ಬೇಡ, ಎರಡನೆಯದನ್ನು ಕೈಯಲ್ಲೇ ಗುಣಿಸಿ ನೋಡಿ. ಒಂದೊಂದೇ 1 ಬಂದು ಸಾಲಾಗಿ ನಿಲ್ಲುವುದು ಎಷ್ಟು ಚೆಂದ ಅಂತ ಗೊತ್ತಾಗುತ್ತದೆ.

ತೂಕದಮನೆ

ಎಲ್ಲರಿಗೂ ವಂದನೆ. ಮೇಷ್ಟ್ರು ಹೇಳಿದ 54 ಸಾಲುಗಳನ್ನು ನಿನ್ನೆ ರಾತ್ರಿ ಬರೆದು ಮುಗಿಸಿದೆ. ಮಗಳು ವ್ಯತ್ಯಾಸ ಹೇಳುತ್ತಾ ಹೋದಳು, ನಾನು ಗುಣಿಸಿ ಕೂಡಿದೆ. ಎರಡು ಕಡೆ 9ರ ಮಗ್ಗಿಗೆ ಬರಲಿಲ್ಲ, ಹುಡುಕಿದರೆ ಕೂಡುವುದರಲ್ಲಿ ತಪ್ಪಿತ್ತು, ಸರಿ ಮಾಡಿದೆವು. ಆಮೇಲೆ ಪ್ರತಿ ಉತ್ತರದ ಮುಂದೆ, ಅದು ಯಾವ ಸಾಲಿಗೆ ಹೋಗುತ್ತದೆ ಅಂತ ಬಾಣ ಹಾಕಿದೆವು.

ಹೊರಗೆ 6, ಒಳಗೆ 2 ಇರುವ ಸಾಲಿನ ಉತ್ತರ 5994 + 180 = 6174. ಅದರ ಅಂಕಿ ಜೋಡಿಸಿದರೆ 7641. ಹೊರಗೆ 7 − 1 = 6, ಒಳಗೆ 6 − 4 = 2. ಬಾಣ ತನ್ನ ಸಾಲಿಗೇ ತಿರುಗಿತು. 54ರಲ್ಲಿ ಹಾಗೆ ತಿರುಗಿದ್ದು ಅದೊಂದೇ. ಬೇರೆ ಯಾವ ಬಾಣವೂ ಸುತ್ತು ಹಾಕಿಕೊಂಡು ಕೂರಲಿಲ್ಲ, ಎಲ್ಲವೂ ಅಲ್ಲಿಗೇ ಬಂದವು.

ಇನ್ನೊಂದು ಮಗಳ ಕಣ್ಣಿಗೆ ಬಿತ್ತು. ಆ ಸಾಲಿಗೆ ಹೊರಗಿನಿಂದ ಬರುವ ಬಾಣ ಮೂರೇ ಮೂರು. 4176, 8352, 8532. ಎರಡು ಅಥವಾ ಅದಕ್ಕಿಂತ ಜಾಸ್ತಿ ಸಲ ಕಳೆಯಬೇಕಾದ ಯಾವ ನಂಬರ್ ಆದರೂ, 6174ಕ್ಕೆ ಮುಂಚೆ ಈ ಮೂರರಲ್ಲಿ ಒಂದು ಬರಲೇಬೇಕು. ಹಳೇ ಚೀಟಿಗಳನ್ನೆಲ್ಲ ತೆಗೆದು ನೋಡಿದೆ. 4829ರಲ್ಲಿ 4176 ಇದೆ. ಟ್ಯಾಂಕರ್‌ನಲ್ಲಿ 8532. 1121ರಲ್ಲೂ 8532. ಒಂದೇ ಏಟಿಗೆ ಬಂದವನ್ನು ಬಿಟ್ಟರೆ ಎಲ್ಲಾ ಚೀಟಿಯಲ್ಲೂ ಈ ಮೂರರಲ್ಲಿ ಒಂದು ಇದೆ, ಇಷ್ಟು ದಿನ ಕಂಡಿರಲಿಲ್ಲ.