ತೋಟದ ಕೆರೆ ಹಸಿರಾಗಿದೆ, ಬೆಳಗಿನ ಜಾವ ಮೀನು ಬಾಯಿ ಬಿಡ್ತಿವೆ. ಮೈಲುತುತ್ತ ಹಾಕಲಾ?

ಸಿದ್ದಾಪುರ_ತೋಟ (ಅಕ್ಟೋಬರ್ 29)

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದು ರೋಬಸ್ಟಾ ಕಾಫಿ ತೋಟ. ತಗ್ಗಿನಲ್ಲಿ ಅರ್ಧ ಎಕರೆಯ ಕೆರೆ ಇದೆ, ಸುಮಾರು ಎರಡು ಮೀಟರ್ ಆಳ. ಫೆಬ್ರವರಿಯಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವುದು ಇದೇ ನೀರಿನಲ್ಲಿ. ಕಾಟ್ಲಾ, ರೋಹು ಬಿಟ್ಟಿದ್ದೇನೆ. ಹಸುಗಳು ಕುಡಿಯುವುದೂ ಇಲ್ಲೇ.

ಮಳೆಗಾಲ ಪೂರ್ತಿ ನೀರು ಕೆಂಪಗಿತ್ತು, ಅದು ಮಾಮೂಲು. ಮಳೆ ಬಿಟ್ಟು ಹತ್ತು ದಿನಕ್ಕೆ ಹಸಿರಾಯಿತು. ಈಗ ಗಾಳಿ ತಳ್ಳುವ ಕಡೆಯ ದಂಡೆಯಲ್ಲಿ ಪೇಂಟ್ ಚೆಲ್ಲಿದ ಹಾಗೆ ದಪ್ಪ ಕೆನೆ ಕಟ್ಟಿದೆ. ಬೆಳಗ್ಗೆ ಆರಕ್ಕೆ ಹೋದರೆ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ನಿಂತಿರುತ್ತವೆ. ನಿನ್ನೆ ಏಳು ಸತ್ತವು, ಎಲ್ಲ ದೊಡ್ಡವೇ. ಮೇಲಿನ ತೋಟದವರ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರು ಬಂದಿರಬೇಕು ಅಂತ ನನ್ನ ಅನುಮಾನ. ಮೆಣಸಿಗೆ ರೋಗ ಬರದಂತೆ ಬೋರ್ಡೋ ದ್ರಾವಣ ಹೊಡೆಯಲು ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಉಳಿದಿದೆ. ಹಾಕಿದರೆ ಪಾಚಿ ಸಾಯುತ್ತದೆ ಅಂತಾರೆ. ಹಾಕಲಾ?

ಗದ್ದೆಮನೆ (ಅಕ್ಟೋಬರ್ 29)

ಹಾಕಬೇಡಿ ಅಣ್ಣ, ದಯವಿಟ್ಟು. ಮೊದಲು ಹಸುಗಳನ್ನು ಆ ನೀರಿನಿಂದ ದೂರ ಕಟ್ಟಿ, ನಾಯಿಯನ್ನೂ ಬಿಡಬೇಡಿ. ಪೇಂಟ್‌ನಂಥ ಕೆನೆ ಅಂದರೆ ನೀಲಿ-ಹಸಿರು ಪಾಚಿ ಇರಬಹುದು. ಅದರಲ್ಲಿ ಕೆಲವು ಜಾತಿ ಪಿತ್ತಜನಕಾಂಗಕ್ಕೆ ಹೊಡೆಯುವ ವಿಷ ಮಾಡುತ್ತವೆ. ಪಾಚಿ ಬದುಕಿರುವಾಗ ವಿಷ ಹೆಚ್ಚಾಗಿ ಅದರ ಮೈಯೊಳಗೇ ಇರುತ್ತದೆ. ಮೈಲುತುತ್ತ ಬಿದ್ದರೆ ಕೋಶ ಒಡೆದು ಎಲ್ಲ ಒಟ್ಟಿಗೆ ನೀರಿಗೆ ಬರುತ್ತದೆ. ಕುದಿಸಿದರೂ ಹೋಗುವುದಿಲ್ಲ. ಜೊತೆಗೆ ಸತ್ತ ಪಾಚಿ ಕೊಳೆಯುವಾಗ ಉಳಿದಿರುವ ಆಮ್ಲಜನಕವೂ ಖಾಲಿ. ಮೀನಿಗೂ ತಾಮ್ರ ಆಗದು.

ಇವತ್ತು ರಾತ್ರಿಯಿಂದಲೇ ಒಂದು ಕೆಲಸ ಮಾಡಿ. ಸ್ಪ್ರಿಂಕ್ಲರ್ ಪಂಪಿನ ನೀರನ್ನು ಕೆರೆಗೇ ವಾಪಸ್ ಎತ್ತರದಿಂದ ಬೀಳಿಸಿ, ಹನ್ನೆರಡರಿಂದ ಬೆಳಗ್ಗೆ ಏಳರವರೆಗೆ. ಫುಟ್‌ವಾಲ್ವ್ (ನೀರೊಳಗಿನ ಪೈಪಿನ ತುದಿಯ ಕವಾಟ) ಕೆಸರು ಕಲಕದ ಹಾಗೆ ನೋಡಿಕೊಳ್ಳಿ. ಹಗಲು ಪಾಚಿಯೇ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಉಸಿರಾಡಿ ಎಳೆದುಕೊಳ್ಳುತ್ತದೆ. ಅದಕ್ಕೇ ಮೀನಿಗೆ ಬೆಳಗಿನ ಜಾವವೇ ಕಷ್ಟ. ತೌಡು, ಹಿಂಡಿ ಹಾಕುವುದನ್ನೂ ನಿಲ್ಲಿಸಿ.

ಇನ್ನು ಮೂರು ವಿಷಯ ಹೇಳಿ. ಮೇಲಿನವರು ಪಲ್ಪಿಂಗ್ ಶುರು ಮಾಡಿದ್ದು ಯಾವಾಗ? ಕೆರೆಗೆ ಬರುವ ತೋಡಿನ ಪಕ್ಕ ಏನೇನಿದೆ? ಕೆನೆ ಬಿಟ್ಟು ಅದರ ಕೆಳಗಿನ ನೀರನ್ನು ಗಾಜಿನ ಬಾಟಲಿಗೆ ತುಂಬಿ, ಒಂದು ರಾತ್ರಿ ಅಲುಗಿಸದೆ ಇಟ್ಟರೆ ಹಸಿರು ಮೇಲೆ ನಿಲ್ಲುತ್ತದಾ, ತಳಕ್ಕೆ ಇಳಿಯುತ್ತದಾ? ಕೈಗೆ ಗ್ಲೌಸ್ ಇರಲಿ.

ಸಿದ್ದಾಪುರ_ತೋಟ (ಅಕ್ಟೋಬರ್ 31)

ಅಕ್ಕ, ಪಂಪ್ ಓಡಿಸಿದೆ. ಎರಡು ದಿನದಿಂದ ಒಂದೂ ಸತ್ತಿಲ್ಲ. ಬಾಟಲಿಯಲ್ಲಿ ಹಸಿರೆಲ್ಲ ಮೇಲೆ ಬಂದು ಉಂಗುರದ ಹಾಗೆ ನಿಂತಿದೆ.

ಮೇಲಿನವರದು ಅರೇಬಿಕಾ, ಇನ್ನೂ ಹಣ್ಣು ಕೊಯ್ದೇ ಇಲ್ಲ. ತೋಡಿನ ಪಕ್ಕ ಇರುವುದು ನನ್ನದೇ ಹಂದಿ ಗೂಡು, ಹೋದ ವರ್ಷ ಕಟ್ಟಿದ್ದು, ಹನ್ನೆರಡು ಹಂದಿ. ತೊಳೆದ ನೀರು ತೋಡಿಗೇ ಹೋಗುತ್ತದೆ. ಸೆಪ್ಟೆಂಬರ್ ಕೊನೆಗೆ ತೋಟಕ್ಕೆ 10:26:26 ಗೊಬ್ಬರ ಕೊಟ್ಟಿದ್ದೆ, ಮೂರನೇ ದಿನಕ್ಕೆ ಜೋರು ಮಳೆ ಬಂತು.

ಗದ್ದೆಮನೆ (ಅಕ್ಟೋಬರ್ 31)

ಹಸಿರು ಮೇಲೆ ನಿಂತಿತು ಅಂದರೆ ಅದು ನೀಲಿ-ಹಸಿರು ಪಾಚಿಯೇ ಇರಬೇಕು. ಹಾಗಾದರೆ ತಪ್ಪನ್ನು ಪಲ್ಪರ್ ಮೇಲೆ ಹಾಕಬೇಡಿ ಅಣ್ಣ, ಈ ಸಲ ಮೇಲಿನವರ ತಪ್ಪಿಲ್ಲ. ಪಲ್ಪರ್ ನೀರು ಬಂದಿದ್ದರೆ ಮೊದಲು ಕಂದು, ಆಮೇಲೆ ಕಪ್ಪು, ಹುಳಿ ವಾಸನೆ. ಮೊದಲೇ ಹಸಿರಾಗುವುದಿಲ್ಲ.

ಲೆಕ್ಕ ನೋಡಿ. ನಿಮ್ಮ ಕೆರೆಯಲ್ಲಿ ಸುಮಾರು 40 ಲಕ್ಷ ಲೀಟರ್ ನೀರಿದೆ. ಲೀಟರಿಗೆ 0.1 ಮಿಲಿಗ್ರಾಂ ರಂಜಕ (ಫಾಸ್ಫರಸ್) ಇದ್ದರೆ ಸಾಕು, ನಿಂತ ನೀರು ಪಾಚಿಯಿಂದ ತುಂಬುತ್ತದೆ. ಇಡೀ ಕೆರೆಗೆ ಅದು 400 ಗ್ರಾಂ ಅಷ್ಟೇ! 10:26:26ರ ಒಂದು 50 ಕೆಜಿ ಚೀಲದಲ್ಲಿ ಶುದ್ಧ ರಂಜಕ ಐದೂವರೆ ಕೆಜಿಗಿಂತ ಜಾಸ್ತಿ ಇರುತ್ತದೆ. ಎಷ್ಟು ಚೀಲ ಹಾಕಿದ್ದೀರಿ ಅಂತ ನಾನು ಕೇಳುವುದಿಲ್ಲ. ಒಂದು ಚೀಲದ ಹದಿನಾಲ್ಕನೇ ಒಂದು ಪಾಲು ಮಣ್ಣಿನ ಜೊತೆ ಕೊಚ್ಚಿ ಬಂದರೂ ಆಯಿತು. ಹಂದಿಯದ್ದೂ ಅಷ್ಟೇ. ತೌಡಿನಲ್ಲಿರುವ ರಂಜಕದಲ್ಲಿ ಹೆಚ್ಚಿನದು ಹಂದಿಗೆ ಜೀರ್ಣವಾಗುವುದಿಲ್ಲ, ಸಗಣಿಯಲ್ಲೇ ಹೊರಗೆ ಬರುತ್ತದೆ.

1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ 226 ನಂಬರಿನ ಒಂದು ಕೆರೆಯನ್ನು ಪರದೆ ಕಟ್ಟಿ ಎರಡು ಮಾಡಿದರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ರಂಜಕ ಹಾಕಿದ್ದು ಒಂದೇ ಕಡೆ. ಆ ಕಡೆ ಮಾತ್ರ ಹಸಿರಾಯಿತು. ಮೇಲಿನಿಂದ ತೆಗೆದ ಆ ಫೋಟೋ ನೋಡಿದ ಮೇಲೆ ನಾನು ನಮ್ಮ ಗದ್ದೆಗೆ ಗೊಬ್ಬರ ಹಾಕುವ ರೀತಿಯನ್ನೇ ಬದಲಾಯಿಸಿದೆ.

ಕಾಜೂರು_ಕೃಷಿಕ (ನವೆಂಬರ್ 1)

ನಾವು ಕೆರೆಗೆ ಸುಣ್ಣ ಹಾಕುತ್ತೇವೆ, ತಿಳಿಯಾಗುತ್ತದೆ. ನಮ್ಮ ಕಡೆ ಮಣ್ಣು, ನೀರು ಎರಡೂ ಹುಳಿ. ಹಾಕಿ ನೋಡಬಹುದಲ್ವಾ?

ಗದ್ದೆಮನೆ (ನವೆಂಬರ್ 1)

ಸರ್, ಖಾಲಿ ಕೆರೆಯ ತಳಕ್ಕೆ ಹಾಕುವುದಾದರೆ ನಾನೂ ಒಪ್ಪುತ್ತೇನೆ. ಆದರೆ ಹೀಗೆ ಹಸಿರಾದ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಮಧ್ಯಾಹ್ನದ ಮೇಲೆ 9 ದಾಟುವುದುಂಟು. ಹಂದಿ ಗೂಡಿನ ನೀರಿನಲ್ಲಿ ಅಮೋನಿಯಾ ಇದೆ. ಸುಣ್ಣದಿಂದ ಪಿಎಚ್ ಏರುತ್ತದೆ, ಏರಿದಷ್ಟೂ ಆ ಅಮೋನಿಯಾ ಮೀನಿಗೆ ವಿಷ. ಈಗ ಸುಣ್ಣ ಬೇಡ.

ಅಣ್ಣ, ನೀವು ಮಾಡಬೇಕಾದ್ದು ಮೂಲದಲ್ಲಿ. ಗೂಡಿನ ನೀರನ್ನು ನಾಳೆಯೇ ತೋಡಿನಿಂದ ತಿರುಗಿಸಿ, ಕಾಫಿ ಸಿಪ್ಪೆಯ ಗುಂಡಿಗೆ ಬಿಡಿ. ಸಗಣಿಯನ್ನು ನೀರು ಹಾಕುವ ಮೊದಲು ಗುದ್ದಲಿಯಲ್ಲಿ ಎತ್ತಿ. ಕೆರೆಗೆ ಸೇರುವ ಮುಂಚೆ ತೋಡಿನಲ್ಲಿ ಒಂದು ಹೂಳುಗುಂಡಿ, ಅದರ ಎರಡೂ ಬದಿ ಲಾವಂಚ. ಮುಂದಿನ ಸಲ ಗೊಬ್ಬರಕ್ಕೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಸುಮಾರು ತೋಟಗಳಲ್ಲಿ ರಂಜಕ ಬೇಕಾದ್ದಕ್ಕಿಂತ ಜಾಸ್ತಿಯೇ ಕೂತಿರುತ್ತದೆ.

ಒಂದು ಮಾತು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಇಷ್ಟು ಮಾಡಿದರೂ ಈ ವರ್ಷ ನೀರು ಪೂರ್ತಿ ತಿಳಿಯಾಗುವುದಿಲ್ಲ. ರಂಜಕ ಕೆಸರಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡು ಕೂತಿರುತ್ತದೆ. ತಳದಲ್ಲಿ ಆಮ್ಲಜನಕ ಮುಗಿದಾಗ ಬಿಟ್ಟುಕೊಳ್ಳುತ್ತದೆ. ಹೂವಿಗೆ ನೀರು ಹೊಡೆದು ಕೆರೆ ಇಳಿದಾಗ, ಮಾರ್ಚ್‌ನಲ್ಲಿ ಹೂಳು ತೆಗೆಸಿ ಗಿಡದ ಬುಡಕ್ಕೆ ಹಾಕಿ. ಕೆರೆಗೆ ಕಾಯಿಲೆಯಾದದ್ದು ಕಾಫಿಗೆ ಗೊಬ್ಬರ. ನಿಮ್ಮ ಕೆರೆ ತುಂಬಿ ಹರಿದ ನೀರು ಕಡೆಗೆ ಕಾವೇರಿಗೇ ಹೋಗುವುದು, ಕೆಳಗೆ ಎಷ್ಟು ಊರು ಅದನ್ನೇ ಕುಡಿಯುತ್ತವೆ.

ಸಿದ್ದಾಪುರ_ತೋಟ (ಜನವರಿ 11)

ಅಕ್ಕ, ತಡವಾಗಿ ಬರೆಯುತ್ತಿದ್ದೇನೆ, ಕೊಯ್ಲಿನ ಕೆಲಸ. ಗೂಡಿನ ನೀರು ತಿರುಗಿಸಿ ಎರಡು ತಿಂಗಳು ದಾಟಿತು. ಕೆನೆ ಹೋಗಿದೆ. ನೀರು ಇನ್ನೂ ಹಸಿರೇ, ಆದರೆ ತೆಳು. ಮೊದಲು ಬಿಳಿ ತಟ್ಟೆ ಮೊಣಕೈ ಆಳದಲ್ಲೇ ಮರೆಯಾಗುತ್ತಿತ್ತು, ಈಗ ತೋಳು ಪೂರ್ತಿ ಇಳಿಸಿದರೂ ಕಾಣುತ್ತದೆ. ಪಂಪ್ ರಾತ್ರಿ ಎರಡು ಗಂಟೆ ಓಡಿಸಿದರೆ ಸಾಕಾಗುತ್ತಿದೆ. ಹಸುಗಳಿಗೆ ಈಗಲೂ ಬಾವಿ ನೀರೇ.

ಮೇಲಿನ ತೋಟಕ್ಕೂ ಹೋಗಿದ್ದೆ. ಅನುಮಾನ ಪಟ್ಟದ್ದನ್ನು ಹೇಳಿಕೊಂಡೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಪಲ್ಪರ್ ನೀರಿನ ಗುಂಡಿಯನ್ನು ಕರೆದುಕೊಂಡು ಹೋಗಿ ತೋರಿಸಿದರು. ಮಾರ್ಚ್‌ನಲ್ಲಿ ಹೂಳು ತೆಗೆಯಲು ಇಬ್ಬರೂ ಸೇರಿ ಒಂದೇ ಜೆಸಿಬಿ ಕರೆಸುವುದು ಅಂತ ಮಾತಾಗಿದೆ. ಎಷ್ಟು ಆಳದವರೆಗೆ ತೆಗೆಸಬೇಕು ಅಕ್ಕ?

ಗದ್ದೆಮನೆ (ಜನವರಿ 12)

ಓದಿ ತುಂಬಾ ಖುಷಿಯಾಯಿತು ಅಣ್ಣ. ಕಪ್ಪು ಕೆಸರು ಮುಗಿದು ಗಟ್ಟಿ ಜೇಡಿ ಸಿಗುವವರೆಗೆ ಮಾತ್ರ. ಜೇಡಿ ಕೆರೆದರೆ ಕೆರೆ ಸೋರುತ್ತದೆ, ಡ್ರೈವರ್‌ಗೆ ಮೊದಲೇ ಹೇಳಿ, ಪಕ್ಕದಲ್ಲೇ ನಿಂತಿರಿ.