ಅಪ್‌ಡೇಟ್: ಶುಗರ್ ಔಷಧಿ ಕಂಪನಿ ಶೇರು, ಕೊನೆಗೆ ಏನು ಮಾಡಿದೆ

ಎರಡು ಲಕ್ಷ ಇದೆ, ಪೂರ್ತಿ ಶುಗರ್ ಔಷಧಿ ಮಾಡುವ ಒಂದೇ ಕಂಪನಿಗೆ ಹಾಕಲಾ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ? ಹಾಕಲಿಲ್ಲ. ಬೈದವರಿಗೂ ಥ್ಯಾಂಕ್ಸ್.

ನನ್ನ ಲೆಕ್ಕ ಸುಲಭದ್ದು: ನಮ್ಮ ಫ್ರಿಜ್ ಬಾಗಿಲಲ್ಲಿ ಮೊಟ್ಟೆ ಪಕ್ಕ ಅಪ್ಪನ ಇನ್ಸುಲಿನ್ ಪೆನ್ನು ಯಾವಾಗಲೂ ಇರುತ್ತದೆ, ಶುಗರ್ ಇರುವವರು ಜಾಸ್ತಿ ಆಗುತ್ತಲೇ ಇದ್ದಾರೆ, ಅಂದಮೇಲೆ ಶೇರೂ ಏರಲೇಬೇಕು ಅಲ್ವಾ?

ಡೆನ್ಮಾರ್ಕಿನ ಔಷಧಿ ಕಂಪನಿ ನೋವೋ ನಾರ್ಡಿಸ್ಕ್ ಕಥೆ ಓದಿದೆ, ಭ್ರಮೆ ಇಳಿಯಿತು. ಶುಗರ್‌ಗೂ ತೂಕ ಇಳಿಸಲೂ ಕೊಡುವ ಸೆಮಾಗ್ಲುಟೈಡ್ ಔಷಧಿಯ ದೆಸೆಯಿಂದ 2023ರಲ್ಲಿ ಯುರೋಪಿನ ಅತಿ ಬೆಲೆಬಾಳುವ ಕಂಪನಿಯಾಗಿದ್ದದ್ದು, ಅಮೆರಿಕದ ಔಷಧಿ ಕಂಪನಿ ಎಲೈ ಲಿಲ್ಲಿಯ ಪೈಪೋಟಿ ಬಿಗಿಯಾದಮೇಲೆ, 2025ರ ಜುಲೈನಲ್ಲಿ ಅದರ ಶೇರು ಒಂದೇ ದಿನ ಶೇಕಡ 20ಕ್ಕಿಂತ ಜಾಸ್ತಿ ಬಿತ್ತು. ರೋಗಿಗಳೇನೂ ಕಮ್ಮಿ ಆಗಿರಲಿಲ್ಲ! ಪೇಟೆಂಟ್ ಮುಗಿದರೆ ಬೇರೆಯವರೂ ಅದೇ ಔಷಧಿ ಮಾಡಬಹುದು, ಅದು ಇನ್ನೊಂದು ತಲೆನೋವು.

ನಮ್ಮ ಬೆಂಗಳೂರಿನ ಔಷಧಿ ಕಂಪನಿ ಬಯೋಕಾನ್ ಕೂಡ ನೋಡಿದೆ. ಅವರ ಗ್ಲಾರ್ಜಿನ್ ಎಂಬ ಬಗೆಯ ಇನ್ಸುಲಿನ್ನನ್ನು, ಅದೇ ಬಗೆಯ ಹಳೇ ಬ್ರ್ಯಾಂಡ್ ಲ್ಯಾಂಟಸ್ ಬದಲಿಗೆ, ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪಿನವರೇ ಕೊಡಬಹುದು ಅಂತ ಅಮೆರಿಕ 2021ರಲ್ಲಿ ಒಪ್ಪಿತು, ಅಂಥ ಒಪ್ಪಿಗೆ ಸಿಕ್ಕ ಮೊದಲ ಇನ್ಸುಲಿನ್ ಅದು. ಹೆಮ್ಮೆ ಆಯಿತು, ನಿಜ. ಆದರೆ ಹೆಮ್ಮೆಗೆ ಶೇರು ಕೊಳ್ಳಬಾರದು ಅಂತ ತಂಗಿ ರೇಗಿಸಿದಳು.

ಕೊನೆಗೆ ಒಂದೂವರೆ ಲಕ್ಷ ಫಾರ್ಮಾ ಇಂಡೆಕ್ಸ್ ಫಂಡಿಗೆ (ಹಲವು ಔಷಧಿ ಕಂಪನಿಗಳ ಶೇರಿಗೆ ದುಡ್ಡು ಹಂಚುವ ಫಂಡು), ಅದೂ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ. ಉಳಿದ ಐವತ್ತು ಸಾವಿರ ಎಫ್‌ಡಿಯಲ್ಲಿದೆ, ಅಪ್ಪನ ಔಷಧಿ ಖರ್ಚಿಗೆ.